ಮೊದಲ ಎಲೆಯ ಯಜಮಾನರು

ಶೆಟ್ಟಿಹಳ್ಳಿಯಲ್ಲಿ ಬೀಗರೂಟವಾಗಲಿ, ಗೃಹಪ್ರವೇಶವಾಗಲಿ, ತಿಥಿಯಾಗಲಿ, ಮೊದಲ ಎಲೆ ದೊಡ್ಡಮುನಿಯಪ್ಪನವರದು. ಅವರು ಕೂತು, ಒಂದು ತುತ್ತು ಮುರಿದು, ಸಾಲನ್ನೊಮ್ಮೆ ನೋಡಿ "ಉಣ್ರಪ್ಪಾ" ಅಂದ ಮೇಲೆಯೇ ಉಳಿದವರ ಕೈ ಎಲೆಗಿಳಿಯಬೇಕು. ಈ ಪದ್ಧತಿ ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಹೊಲಗಳಿದ್ದ ಕಡೆಯೆಲ್ಲ ನಾಲ್ಕಂತಸ್ತಿನ ಬಾಡಿಗೆ ಮನೆಗಳೆದ್ದಿವೆ, ಪಕ್ಕದ ಮನೆಯಲ್ಲಿರುವವರು ಯಾವ ಭಾಷೆಯವರೆಂದು ಕೇಳಿ ತಿಳಿಯಬೇಕು. ಆದರೂ ಎಲೆ ಹಾಸುವಾಗ ಮಾತ್ರ ಹಳೇ ಊರು ಎಲ್ಲಿಂದಲೋ ಎದ್ದು ಬರುತ್ತದೆ. ಯಜಮಾನರು ಬರದಿದ್ದರೆ ಊಟ ಸಪ್ಪೆ. ಬಂದು ಎಲೆಯಲ್ಲಿ ಬಿಟ್ಟೆದ್ದರೆ ಕರೆದವರಿಗೆ ಅವಮಾನ. ಯಜಮಾನರು ಐವತ್ತು ವರ್ಷದಲ್ಲಿ ಯಾರಿಗೂ ಆ ಅವಮಾನ ಮಾಡಿದವರಲ್ಲ.

ಇದರಿಂದ ನಿದ್ದೆಗೆಟ್ಟವಳು ಸೊಸೆ ಶಾಂತಲಾ.

ಮಾವನಿಗೆ ಎಪ್ಪತ್ತಾರು. ಸಕ್ಕರೆ ಕಾಯಿಲೆಗೆ ಹದಿನೆಂಟು. ಯುಗಾದಿ ಕಳೆದ ವಾರ ಎರಡೂ ಕಾಲು ಊದಿಕೊಂಡು, ಚಪ್ಪಲಿ ಮೆಟ್ಟಲಾಗದೆ ಕೂತಾಗ, ಅವಳೇ ಆಟೋ ಮಾಡಿಸಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಡಾಕ್ಟರು ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು.

"ಕಿಡ್ನಿ ಅರ್ಧಕ್ಕರ್ಧ ಕೈ ಕೊಟ್ಟಿದೆ ಕಣಮ್ಮ. ಹೀಗೇ ಬಿಟ್ರೆ ವರ್ಷದೊಳಗೆ ಡಯಾಲಿಸಿಸ್. ದಿನದ ಊಟ ಸರಿ ಮಾಡಿದ್ರೆ ಇನ್ನೂ ಹತ್ತು ವರ್ಷ ಇರ್ತಾರೆ, ಓಡಾಡ್ಕೊಂಡು. ಉಪ್ಪು ಕಮ್ಮಿ, ಎಣ್ಣೆ ಕಮ್ಮಿ, ಮಾಂಸ ಕಮ್ಮಿ. ಹೊತ್ತಿಗೆ ಸರಿಯಾಗಿ, ಇಷ್ಟಿಷ್ಟೇ."

ಶಾಂತಲಾ ಮೂರು 'ಕಮ್ಮಿ'ಗಳನ್ನು ಭದ್ರವಾಗಿ ಸೆರಗಿಗೆ ಕಟ್ಟಿಕೊಂಡು ಬಂದಳು. 'ಹೊತ್ತಿಗೆ ಸರಿಯಾಗಿ' ಎಂಬ ಮಾತು ಅಲ್ಲೇ ಡಾಕ್ಟರ ಮೇಜಿನ ಮೇಲೆ ಉಳಿದುಹೋಯಿತು. ಪಾಪ, ಅವಳದು ಕೆಟ್ಟ ಬುದ್ಧಿಯಲ್ಲ. ಅವಳ ಸ್ವಂತ ಅಪ್ಪ ಬಾಗಲಗುಂಟೆಯಲ್ಲಿ ಕೊನೆಯ ಎರಡು ವರ್ಷ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿದ್ದನ್ನು ಕಂಡವಳು. ಈ ಮನೆಗೆ ಬಂದಾಗ ಅಪ್ಪನಿಗಿಂತ ಹೆಚ್ಚು ಅಕ್ಕರೆಯಿಂದ ನೋಡಿಕೊಂಡವರು ಮಾವ. ಅವರನ್ನು ಆ ಹಾಸಿಗೆಗೆ ಬಿಡಬಾರದೆಂದು ಅವಳು ಹಟ ತೊಟ್ಟಳು.

ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಹೊಸ ರಾಜ್ಯಭಾರ. ಬೆಳಿಗ್ಗೆ ಎಂಟಕ್ಕೆ ಒಂದು ಸಕ್ಕರೆ ಮಾತ್ರೆ, ಒಂದು ಲೋಟ ರಾಗಿ ಅಂಬಲಿ. ಮಧ್ಯಾಹ್ನ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಅದೇ. ಉಪ್ಪಿನಕಾಯಿ ಜಾಡಿ ಮೇಲಿನ ಅಟ್ಟಕ್ಕೆ ಹೋಯಿತು.

ಅತ್ತೆ ಮರಿಯಮ್ಮ ಗಂಡನ ತಟ್ಟೆ ನೋಡಿ ಮೂಗು ಮುರಿದರು. "ಇದೇನೇ ಇದು, ಮುದ್ದೇನೋ ಗೋಲಿಯೋ? ಇಟ್ಟಂ ತಿಂದಂ ಬೆಟ್ಟಂ ಕಿತ್ತಂ ಅಂತಾರೆ. ಇಷ್ಟ್ರಲ್ಲಿ ಬೆಟ್ಟ ಇರ್ಲಿ, ಬದನೆ ಗಿಡಾನೂ ಕೀಳಕ್ಕಾಗಲ್ಲ."

"ಅವ್ರು ಬೆಟ್ಟ ಕೀಳೋದು ಬೇಡ ಅತ್ತೆ. ಬಾತ್ರೂಮಿಗೆ ತಾವೇ ಎದ್ದು ಹೋದ್ರೆ ಸಾಕು."

"ಬಿಡೇ ಮರಿಯಮ್ಮ," ಅಂದರು ದೊಡ್ಡಮುನಿಯಪ್ಪ ಮುದ್ದೆ ಮುರಿಯುತ್ತ. "ಸೊಸೆ ಮಾತು ಮೀರಿದ್ರೆ ಕೋರ್ಟಿಗೆ ಆಕ್ತಾಳೆ."

ಅವರು ನಗಾಡುತ್ತಲೇ ಒಪ್ಪಿಕೊಂಡರು. ಹದಿನೈದು ದಿನದಲ್ಲಿ ಕಾಲಿನ ಊತ ಅರ್ಧ ಇಳಿಯಿತು. ಚಪ್ಪಲಿ ಮೆಟ್ಟಿ ಕೆರೆಯ ಏರಿಯವರೆಗೆ ನಡೆದು ಬಂದರು. ಶಾಂತಲಾಗೆ ಆನೆಬಲ ಬಂತು.

ಆದರೆ ಚೈತ್ರ ವೈಶಾಖ ಮದುವೆಗಳ ಕಾಲ. ಮದುವೆಯಾದ ಮೂರನೇ ದಿನಕ್ಕೋ ಐದನೇ ದಿನಕ್ಕೋ ಬೀಗರೂಟ. ಮೇಜಿನ ಮೇಲೆ ಆಹ್ವಾನ ಪತ್ರಿಕೆಗಳ ಕಟ್ಟು ಬೆಳೆಯಿತು. ಮಗ ಸುಬ್ರಮಣಿಗೆ ಆ ಕಟ್ಟು ಕಂಡರೆ ಕಣ್ಣಲ್ಲಿ ಬೆಳಕು. ಅವನು ಐವತ್ತರ ಬಿಲ್ಡರು, ಈ ಸಲ ವಾರ್ಡ್ ಎಲೆಕ್ಷನ್ನಿಗೆ ಟಿಕೆಟ್ ಕೇಳಿದ್ದ.

"ಭಾನುವಾರ ಕಮ್ಮಗೊಂಡನಹಳ್ಳಿ, ಬುಧವಾರ ಇಲ್ಲೇ, ಮುಂದಿನ್ ಭಾನುವಾರ ಎರಡಿದೆ," ಅಂದ. "ಅಪ್ಪಾ, ರೆಡಿ ಇರು."

"ಎಲ್ಲಿಗೂ ಬರಲ್ಲ," ಅಂದಳು ಶಾಂತಲಾ.

"ನಿನ್ನ ಕೇಳಿಲ್ಲ ನಾನು."

"ಕೇಳದೇ ಇದ್ರೂ ಹೇಳ್ತೀನಿ. ನಿಮ್ ಟಿಕೆಟ್ಟಿಗೆ ಮಾವನ್ ಕಿಡ್ನಿ ಅಡ ಇಡ್ತೀರಾ?"

ಸುಬ್ರಮಣಿಯ ಮುಖ ಕೆಂಪಗಾಯಿತು. ಆಮೇಲೆ ದನಿ ತಗ್ಗಿಸಿ, ನಿಜವನ್ನೇ ಹೇಳಿದ. "ನೋಡು, ನಾನೊಬ್ಬನೇ ಹೋದ್ರೆ ಬಿಲ್ಡರ್ ಸುಬ್ರಮಣಿ. ಸೈಟ್ ರೇಟ್ ಎಷ್ಟು ಅಂತ ಕೇಳಿ ಕಳಿಸ್ತಾರೆ. ಅಪ್ಪ ಪಕ್ಕದಲ್ಲಿದ್ರೆ ದೊಡ್ಡಮುನಿಯಪ್ಪನ ಮಗ. ಎದ್ದು ನಿಂತು ಕೈ ಮುಗೀತಾರೆ."

"ಅವ್ರಿಗೂ ಓಗ್ಬೇಕೂಂತ ಆಸೆ ಐತೆ ಕಣೇ," ಅಂದರು ಮರಿಯಮ್ಮ ಬಾಗಿಲ ಬಳಿಯಿಂದ. "ಮನೇಲಿ ಕೂಡಾಕಿದ್ರೆ ಕೊರಗ್ಬುಡ್ತಾರೆ."

ದೊಡ್ಡಮುನಿಯಪ್ಪ ಸೊಸೆಯ ಮುಖ ನೋಡಿದರು. "ಕರೆದೋರ್ ಮನೇಗ್ ಓಗ್ದೆ ಇರಕ್ಕಾಯ್ತದಾ ತಾಯಿ? ನಾ ಕೂತ್ಕಳ್ದೆ ಅವ್ರೆಂಗೆ ಉಣ್ತಾರೆ?"

ಆ ಮಾತಿಗೆ ಶಾಂತಲಾ ಸೋತಳು. ಸೋತರೂ ಸುಮ್ಮನೆ ಸೋಲುವವಳಲ್ಲ. ಒಂದು ಕಾನೂನು ಮಾಡಿದಳು: "ಸರಿ, ಹೋಗಿ. ಆದ್ರೆ ಬಾಡೂಟಕ್ಕೆ ಹೋಗೋ ದಿನ ಮನೇಲಿ ಬೆಳಿಗ್ಗೆ ಅಂಬಲಿ ಇಲ್ಲ, ರಾತ್ರಿ ಮುದ್ದೆ ಇಲ್ಲ. ಅಲ್ಲಿ ಹೆಚ್ಚಾಗಿದ್ದು ಇಲ್ಲಿ ಕಮ್ಮಿ ಆಗ್ಬೇಕು. ಸಿಹಿ ಮಾತ್ರ ಮುಟ್ಟೋ ಹಾಗೇ ಇಲ್ಲ. ನಾನೂ ಬರ್ತೀನಿ, ಎದುರಿಗೇ ಕೂತಿರ್ತೀನಿ."

"ಆಗ್ಲಿ," ಅಂದರು ಮಾವ ಖುಷಿಯಿಂದ. ಖಾಲಿ ಹೊಟ್ಟೆಯಲ್ಲಿ ಹೋದರೆ ಇನ್ನೂ ಚೆನ್ನಾಗಿ ಉಣ್ಣಬಹುದೆಂಬ ಲೆಕ್ಕ ಅವರದು.

ಶಾಂತಲಾಳ ಮಗಳು ಮೋನಿಕಾ ಕಾಲೇಜಿಗೆ ಹೊರಟವಳು ನಿಂತು ಕೇಳಿದಳು. "ಅಮ್ಮ, ಶುಗರ್ ಟ್ಯಾಬ್ಲೆಟ್ ತಗೊಂಡು ಖಾಲಿ ಹೊಟ್ಟೇಲಿ ಇರ್ಬಾರ್ದಂತಲ್ಲ?"

"ಇರೋದೇನು ದಿನವೆಲ್ಲಾನಾ? ನಾಲ್ಕೈದು ಗಂಟೆ ಅಷ್ಟೆ. ನಿಮ್ ತಾತ ಗದ್ದೆ ಉಳೋವಾಗ ಮಧ್ಯಾಹ್ನದ ತನಕ ಏನೂ ತಿಂತಿರ್ಲಿಲ್ವಂತೆ. ನೀನು ಬಸ್ ಹಿಡಿ ಹೋಗು."

ಮೋನಿಕಾ ಬಸ್ ಹಿಡಿಯಲು ಹೋದಳು. ಒಳ್ಳೆಯ ಮಾತು ಆ ಮನೆಯಲ್ಲಿ ಬಾಗಿಲ ತನಕ ಬಂದು ವಾಪಸು ಹೋದದ್ದು ಹೀಗೆ.

ಕಮ್ಮಗೊಂಡನಹಳ್ಳಿಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಯಜಮಾನರು ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ ಎಲ್ಲಕ್ಕೂ ನ್ಯಾಯ ಸಲ್ಲಿಸಿದರು. ಎರಡನೆಯದೂ ಹಾಗೇ. ಮೂರನೆಯದು ಒಂದು ತಿಥಿ. ಎಡೆ ಇಡುವುದು ತಡವಾಗಿ ಎಲೆ ಹಾಕುವಾಗ ಒಂದೂವರೆ. ಯಜಮಾನರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಲೋಟ ಎತ್ತುವಾಗ ಕೈ ನಡುಗಿ ನೀರು ಚೆಲ್ಲಿತು. ಪಕ್ಕದವರು, "ಯಜಮಾನ್ರಿಗೆ ಬಾಡಿನ್ ವಾಸನೆ ಬಡೀತು ನೋಡು, ಹೆಂಗ್ ಬೆವರ್ತಾವ್ರೆ!" ಎಂದು ನಕ್ಕರು. ಯಜಮಾನರೂ ನಕ್ಕರು. ನಾಲ್ಕು ತುತ್ತು ಒಳಗೆ ಹೋದ ಮೇಲೆ ಬೆವರು ಆರಿತು, ಕೈ ನಿಂತಿತು. ಎದುರಿನ ಸಾಲಿನಲ್ಲಿದ್ದ ಶಾಂತಲಾ ಬಿಸಿಲೆಂದುಕೊಂಡಳು.

ಮನೆಗೆ ಬಂದು ಮಾತ್ರೆಯ ಡಬ್ಬಿ ತೆಗೆದಾಗ ಅವಳಿಗೆ ಬೇರೊಂದು ಚಿಂತೆ ಹಿಡಿಯಿತು. ತಿಂಗಳಿಗೆಂದು ತಂದಿದ್ದ ಮಾತ್ರೆಯಲ್ಲಿ ಮೂರು ಕಡಿಮೆ ಇದ್ದವು.

"ಅತ್ತೆ, ಮಾವ ಏನಾದ್ರೂ ತಾವೇ ತಗೊಂಡ್ರಾ?"

"ಅವ್ರಿಗೆ ಯಾವ ಮಾತ್ರೆ ಯಾವುದಕ್ಕೆ ಅಂತ್ಲೂ ಗೊತ್ತಿಲ್ಲ ಕಣವ್ವ."

ಗಂಡನನ್ನು ಕೇಳಿದಳು. ಸುಬ್ರಮಣಿ ಫೋನಿನಿಂದ ತಲೆ ಎತ್ತಲಿಲ್ಲ. "ಅಂಗಡಿಯವ್ನು ಕಮ್ಮಿ ಕೊಟ್ಟಿರ್ತಾನೆ. ಇನ್ನೊಂದ್ ಸ್ಟ್ರಿಪ್ ತರ್ತೀನಿ ಬಿಡು."

ಅಂಗಡಿಯವನು ಸ್ಟ್ರಿಪ್ಪಿನಿಂದ ಮಾತ್ರೆ ಒಡೆದು ತಿನ್ನುತ್ತಾನೆಯೇ ಎಂದು ಕೇಳಬೇಕೆನಿಸಿತು ಅವಳಿಗೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಬಾಡಿಗೆಯವರು ನೀರು ಬರಲಿಲ್ಲವೆಂದು ಮೆಟ್ಟಿಲಿಳಿದು ಬಂದರು, ಮಾತು ಮರೆಯಿತು. ಮರೆಯಬಾರದಿತ್ತು.

ಮೇ ತಿಂಗಳ ಎರಡನೇ ಭಾನುವಾರ ಬಾಗಲಗುಂಟೆಯಲ್ಲಿ ಲಕ್ಕಣ್ಣನ ಮಗಳ ಬೀಗರೂಟ. ಲಕ್ಕಣ್ಣ ಸುಬ್ರಮಣಿಯ ಪಾಲುದಾರ. ಒಂದೂವರೆ ಸಾವಿರ ಜನರ ಅಡುಗೆ, ಖಾಲಿ ಸೈಟಿನಲ್ಲಿ ತಗಡಿನ ಶಾಮಿಯಾನ. ಟಿಕೆಟ್ ಕೊಡಿಸುವ ಸಾಹೇಬರು ಸ್ವತಃ ಬರುವವರಿದ್ದರು. ಸುಬ್ರಮಣಿ ಅಪ್ಪನಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಶಲ್ಯ ತಂದುಕೊಟ್ಟ. ಶಾಂತಲಾ ಎಂಟಕ್ಕೆ ಮಾತ್ರೆ ಕೊಟ್ಟಳು. ಅಂಬಲಿ ಕೊಡಲಿಲ್ಲ.

"ಒಂಚೂರು ಮಜ್ಜಿಗೆನಾದ್ರೂ ಕೊಡೇ," ಅಂದರು ಮರಿಯಮ್ಮ. ಅವರು ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು.

"ಒಂದು ಗಂಟೆಗೆ ಊಟಾನೇ ಮಾಡ್ತಾರಲ್ಲ ಅತ್ತೆ."

ಒಂದು ಗಂಟೆಗೆ ಎಲೆ ಹಾಕಿದರು. ಗಂಡಸರ ಸಾಲು ಒಂದು ಕಡೆ, ಎದುರಿಗೆ ಹೆಂಗಸರ ಸಾಲು. ಮೊದಲ ಎಲೆಗೆ ಯಜಮಾನರು ಕೂತರು, ಪಕ್ಕದ ಕುರ್ಚಿ ಸಾಹೇಬರಿಗೆ. ಎಲೆಗೆ ಉಪ್ಪು, ಈರುಳ್ಳಿ, ನಿಂಬೆಹೋಳು, ಬೇಯಿಸಿದ ಮೊಟ್ಟೆ, ಒಂದು ಜಿಲೇಬಿ ಬಂದವು. ಮುದ್ದೆಯ ತಟ್ಟೆ ಹಿಡಿದವರು ಕಾದು ನಿಂತರು.

ಸುಬ್ರಮಣಿ ಬಗ್ಗಿ ಅಪ್ಪನ ಕಿವಿಯಲ್ಲಿ ಹೇಳಿದ. "ಅಪ್ಪಾ, ಸಾಹೇಬ್ರು ಪಕ್ಕದಲ್ಲಿ ಕೂತ್ಮೇಲೆ ಶುರು ಮಾಡು. ಫೋಟೋ ಬೇಕು. ಐದು ನಿಮಿಷ ಅಷ್ಟೆ."

ಐದು ನಿಮಿಷ ಇಪ್ಪತ್ತಾಯಿತು. ಇಪ್ಪತ್ತು ಐವತ್ತಾಯಿತು. ಸಾಹೇಬರು ಹೆಬ್ಬಾಳದ ಬಳಿ ಸಿಕ್ಕಿಕೊಂಡಿದ್ದಾರೆ, ಈಗ ಜಾಲಹಳ್ಳಿ ದಾಟಿದರು, ಇನ್ನೇನು ಬಂದರು ಎಂದು ಸುದ್ದಿ ಬರುತ್ತಲೇ ಇತ್ತು. ಜನ ಗೊಣಗಿದರು, ಮಕ್ಕಳು ಮೊಟ್ಟೆ ಕದ್ದು ತಿಂದವು. ಯಜಮಾನರು ಮುಟ್ಟದ ಎಲೆಯನ್ನು ದೊಡ್ಡವರು ಯಾರೂ ಮುಟ್ಟಲಿಲ್ಲ. ತಗಡಿನ ಕೆಳಗೆ ಧಗೆ ಕುದಿಯುತ್ತಿತ್ತು.

ಶಾಂತಲಾ ಮಾವನ ಮೇಲೇ ಕಣ್ಣಿಟ್ಟಿದ್ದಳು. ಅವರ ಮುಖ ಬಿಳುಚಿತ್ತು, ಶಲ್ಯದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಯಾರೋ ಮಾತಾಡಿಸಿದರೆ ತಡವಾಗಿ ತಿರುಗುತ್ತಿದ್ದರು. ಆಮೇಲೆ ಅವರ ಬಲಗೈ ನಿಧಾನವಾಗಿ ಎಲೆಯ ಮೇಲೆ ಹರಿದು, ಉಪ್ಪು ದಾಟಿ, ಮೊಟ್ಟೆ ದಾಟಿ, ಜಿಲೇಬಿಯ ಹತ್ತಿರ ಹೋಯಿತು. ಬೆರಳುಗಳು ಅದನ್ನು ಹಿಡಿದವು.

ಅವಳು ಎದುರಿನಿಂದ ಕಣ್ಣು ದೊಡ್ಡದು ಮಾಡಿ ತಲೆಯಾಡಿಸಿದಳು. ಬೇಡ.

ದೊಡ್ಡಮುನಿಯಪ್ಪ ಸೊಸೆಯನ್ನು ನೋಡಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಸಣ್ಣಗೆ ನಕ್ಕು ಜಿಲೇಬಿಯನ್ನು ಬಿಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶಾಂತಲಾಗೆ ಅವರ ಮೇಲೆ ಪ್ರೀತಿ ಉಕ್ಕಿತು. ಎಷ್ಟು ಮಾತು ಕೇಳುತ್ತಾರೆ ಎಂದುಕೊಂಡಳು.

ಹತ್ತು ನಿಮಿಷದ ಮೇಲೆ ಅವರು ಪಕ್ಕದ ಖಾಲಿ ಕುರ್ಚಿಯ ಕಡೆಗೆ ವಾಲಿ, ಹಾಗೆಯೇ ಕೆಳಗೆ ಬಿದ್ದರು.

ಗಲಾಟೆಯೆದ್ದಿತು. ಲಕ್ಕಣ್ಣ ಮುಖಕ್ಕೆ ನೀರೆರಚಿದ. "ಶುಗರ್ ಜಾಸ್ತಿ ಆಗಿರೋದು, ಬಾಯಿಗೆ ಏನೂ ಹಾಕ್ಬೇಡಿ!" ಎಂದು ಯಾರೋ ತಿಳಿದವರ ಹಾಗೆ ಕೂಗಿದರು. ಹೌದು ಹೌದು ಅಂದಳು ಶಾಂತಲಾ. ಸುಬ್ರಮಣಿ ಗೇಟಿನಿಂದ ಓಡಿ ಬಂದ. ನಾಲ್ವರು ಎತ್ತಿ ಕಾರಿನಲ್ಲಿ ಮಲಗಿಸಿ ಹೊರಟರೆ, ಓಣಿಯ ಬಾಯಲ್ಲಿ ಸಾಹೇಬರ ಏಳು ಕಾರು ಒಳಗೆ ನುಗ್ಗುತ್ತಿದ್ದವು. ಹಾರ ಹಿಡಿದವರು, ಪಟಾಕಿ ಹಚ್ಚುವವರು ದಾರಿ ಬಿಡಲಿಲ್ಲ. ಸುಬ್ರಮಣಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಿಂಗಳುಗಟ್ಟಲೆ ಯಾರ ದಾರಿ ಕಾದಿದ್ದನೋ ಅವರ ಕಾರಿಗೇ ಕೆಟ್ಟ ಬೈಗುಳ ಬೈದ. ಆ ಕಾರುಗಳು ಹಿಂದಕ್ಕೆ ಸರಿದು ದಾರಿಯಾಗಲು ಇಪ್ಪತ್ತು ನಿಮಿಷ ಹಿಡಿಯಿತು.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬೆರಳು ಚುಚ್ಚಿ ನೋಡಿ, ನರ್ಸಿಗೆ ಏನೋ ಕೂಗಿ, ರಕ್ತನಾಳಕ್ಕೆ ಗ್ಲೂಕೋಸ್ ಹಾಕಿಸಿದಳು. ಆಮೇಲೆ ಹೊರಗೆ ಬಂದಳು.

"ಸಕ್ಕರೆ ಇಪ್ಪತ್ತೆಂಟಿತ್ತು. ಎಪ್ಪತ್ತರ ಕೆಳಗೆ ಇಳೀಬಾರ್ದು. ಬೆಳಿಗ್ಗೆ ಏನ್ ತಿಂದಿದ್ರು?"

"ಏನೂ ಇಲ್ಲ," ಅಂದಳು ಶಾಂತಲಾ.

"ಏನೂ ಇಲ್ವಾ? ಮಾತ್ರೆ ಎಷ್ಟು ತಗೊಂಡಿದ್ರು?"

"ಒಂದು," ಅಂದಳು ಶಾಂತಲಾ. "ಎರಡು," ಅಂದ ಸುಬ್ರಮಣಿ. ಎರಡೂ ಒಟ್ಟಿಗೇ ಬಂದವು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

"ಬಾಡೂಟದ ದಿನ ಕಾರಲ್ಲಿ ಇನ್ನೊಂದು ಕೊಡ್ತಿದ್ದೆ," ಅಂದ ಸುಬ್ರಮಣಿ. "ಊಟ ಜಾಸ್ತಿ ಆಗುತ್ತಲ್ಲ, ಮಾತ್ರೆನೂ ಜಾಸ್ತಿ ಇದ್ರೆ ಸರಿಹೋಗುತ್ತೆ ಅಂತ. ನೀನು ಬೆಳಿಗ್ಗೆ ಅಂಬಲಿ ನಿಜವಾಗ್ಲೂ ನಿಲ್ಸಿರ್ತೀಯ ಅಂತ ನಂಗೇನ್ ಗೊತ್ತು? ಅತ್ತೆ ಸೊಸೆ ಜಗಳದಲ್ಲಿ ಬಾಯಿ ಮಾತಿಗೆ ಅಂದೆ ಅನ್ಕೊಂಡಿದ್ದೆ."

"ಕೇಳಿದ್ನಲ್ಲ ನಾನು! ಮಾತ್ರೆ ಎಲ್ಲಿ ಹೋಯ್ತು ಅಂತ ಕೇಳಿದ್ನಲ್ಲ!"

"ಕಿಡ್ನಿ ಸರಿ ಇಲ್ದೋರಿಗೆ ಮಾತ್ರೆ ಮೈಯಲ್ಲೇ ಉಳ್ಕೊಳುತ್ತೆ," ಅಂದಳು ಡಾಕ್ಟರು, ಜಗಳವನ್ನು ಕೇಳದವಳಂತೆ. "ಅವ್ರಿಗೆ ಎಚ್ಚರ ಇದ್ದಾಗ ಒಂದು ಚಮಚ ಸಕ್ಕರೆನೋ, ಏನಾದ್ರೂ ಸಿಹಿನೋ ಬಾಯಿಗೆ ಬಿದ್ದಿದ್ರೆ ಇಷ್ಟಾಗ್ತಿರ್ಲಿಲ್ಲ. ಮೆದುಳಿಗೆ ಪೆಟ್ಟು ಬಿದ್ದಿದೆಯಾ ಅಂತ ಕಾದು ನೋಡ್ಬೇಕು."

ಶಾಂತಲಾ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಜಿಲೇಬಿಯ ವಿಷಯ ಆವತ್ತೂ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.

ಹದಿಮೂರು ದಿನದ ಮೇಲೆ ದೊಡ್ಡಮುನಿಯಪ್ಪ ಮನೆಗೆ ಬಂದರು. ನಡೆಯುತ್ತಿದ್ದರು, ಮಾತೂ ಇತ್ತು, ಕಾಲಿನ ಊತ ಪೂರ್ತಿ ಇಳಿದಿತ್ತು. ನೆನಪಿನಿಂದ ಮನುಷ್ಯರು ಮಾತ್ರ ಅಳಿಸಿಹೋಗಿದ್ದರು. ಮರಿಯಮ್ಮನನ್ನು ಒಮ್ಮೊಮ್ಮೆ ತಮ್ಮ ತಾಯಿಯೆಂದು ಕರೆಯುತ್ತಿದ್ದರು. ಹಳೇ ಡಾಕ್ಟರು ಹೊಸ ರಿಪೋರ್ಟ್ ನೋಡಿ, "ಕಿಡ್ನಿ ಮೊದಲಿಗಿಂತ ಪರವಾಗಿಲ್ಲ. ಊಟ ಹೀಗೇ ನೋಡ್ಕೊಂಡ್ರೆ ಹತ್ತು ವರ್ಷಕ್ಕೇನೂ ಮೋಸ ಇಲ್ಲ," ಅಂದರು. ಶಾಂತಲಾಗೆ ಆ ಹತ್ತು ವರ್ಷ ಶಾಪ ಕೊಟ್ಟ ಹಾಗೆ ಕೇಳಿಸಿತು. ಸಕ್ಕರೆ ಮತ್ತೆ ಏರಿದ್ದರಿಂದ ಹಳೇ ಮಾತ್ರೆ ನಿಲ್ಲಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಸ್ವಲ್ಪವೇ ಇನ್ಸುಲಿನ್ ಬರೆದುಕೊಟ್ಟರು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ಊಟವಾಗಲೇಬೇಕೆಂದು ಮೂರು ಸಲ ಹೇಳಿದರು. ಈ ಸಲ ಶಾಂತಲಾ ಆ ಮಾತನ್ನೇ ಸೆರಗಿಗೆ ಕಟ್ಟಿಕೊಂಡಳು.

ಮೊದಲ ದಿನ ತಟ್ಟೆ ಇಟ್ಟರೆ ಅವರು ಕೈ ಹಚ್ಚಲಿಲ್ಲ.

"ಊಟ ಮಾಡಿ ಮಾವ."

"ಇರಮ್ಮ. ಸಾಹೇಬ್ರು ಬರ್ಲಿ."

ಸಾಹೇಬರು ಬಂದು ಹೋದರೆಂದು ಮನೆಯವರು ಹೇಳಿದರು. ನಂಬಲಿಲ್ಲ. ಮೋನಿಕಾ ತಾತನ ಗಲ್ಲ ಹಿಡಿದು, ನಾನೇ ಸಾಹೇಬ್ರು ಅಂದಳು. "ತಮಾಸೆ ಮಾಡ್ಬಾರ್ದು ಮಗ," ಎಂದು ಬಾಯಿ ಬಿಗಿದುಕೊಂಡರು. ಕೊನೆಗೆ ಸುಬ್ರಮಣಿ ಸೈಟಿನಿಂದ ಬಂದು, ಬಿಳಿ ಅಂಗಿಯಲ್ಲಿ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಅವರು ಕುರ್ಚಿಯಿಂದ ಅರ್ಧ ಎದ್ದು ಕೈ ಮುಗಿದರು.

"ಬನ್ನಿ ಸಾಮಿ, ಬನ್ನಿ. ನಿಮ್ಗೇ ಕಾಯ್ತಾ ಇದ್ವಿ. ಕೂತ್ಕಳಿ."

"ಅಪ್ಪಾ, ನಾನಪ್ಪ. ಸುಬ್ರಮಣಿ."

"ಸುಮ್ಕೆ ಕೂತ್ಕಳೋ," ಅಂದರು ಮರಿಯಮ್ಮ, ಹಲ್ಲು ಕಚ್ಚಿ. "ನಿಮ್ಮಪ್ಪ ಉಣ್ಲಿ."

ಸುಬ್ರಮಣಿ ಕೂತ. ದೊಡ್ಡಮುನಿಯಪ್ಪ ಮುದ್ದೆ ಮುರಿದು, ಖಾಲಿ ಪಡಸಾಲೆಯನ್ನೊಮ್ಮೆ ನೋಡಿ, "ಉಣ್ರಪ್ಪಾ" ಅಂದರು.

ಅಲ್ಲಿಂದ ಅದೇ ದಿನಚರಿಯಾಯಿತು. ಹೊತ್ತು ಹೊತ್ತಿಗೆ ಸುಬ್ರಮಣಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತು ಹಾಕಿ, ಮುಂಬಾಗಿಲಿನಿಂದ ಸಾಹೇಬನಾಗಿ ಒಳಗೆ ಬರಬೇಕು. ಮಧ್ಯಾಹ್ನ ಎಲ್ಲಿದ್ದರೂ ಬರಬೇಕು. ಟಿಕೆಟ್ಟು ಬೇರೆಯವರ ಪಾಲಾಯಿತು, ಅವನು ಅದರ ಸುದ್ದಿಯನ್ನೂ ಎತ್ತಲಿಲ್ಲ. ಅಪ್ಪ ಕೈ ಮುಗಿದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದ.

ಆಷಾಢದ ಒಂದು ಮಧ್ಯಾಹ್ನ ಅವನು ಜಾಲಹಳ್ಳಿ ಕ್ರಾಸಿನಿಂದ ಫೋನ್ ಮಾಡಿದ. "ಹೊರಟಿದ್ದೀನಿ, ಹತ್ತು ನಿಮಿಷ. ಸೂಜಿ ಹಾಕು." ಶಾಂತಲಾ ಸೂಜಿ ಹಾಕಿದಳು, ಮುದ್ದೆ ಕಟ್ಟಿದಳು, ಸಾರು ಬಡಿಸಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಫೋನ್ ಮಾಡಿದರೆ, "ಲಾರಿ ಕೆಟ್ಟು ನಿಂತಿದೆ ಕಣೇ, ಕಾರು ಅಲ್ಲಾಡ್ತಿಲ್ಲ. ಬಿಟ್ಟು ಓಡ್ಬರ್ತಿದ್ದೀನಿ," ಎಂಬ ಏದುಸಿರು. ಅರ್ಧ ಗಂಟೆ ದಾಟಿತು. ಮರಿಯಮ್ಮ ಗಂಡನ ಬೆನ್ನು ಸವರುತ್ತ, ಉಣ್ಣಿ, ಉಣ್ಣಿ ಎಂದು ಅಂಗಲಾಚಿದರು. ಅವರು ಬಾಗಿಲನ್ನೇ ನೋಡುತ್ತಿದ್ದರು. ಮುದ್ದೆ ಆರಿತ್ತು. ಅವರ ಹಣೆಯ ಮೇಲೆ ಬೆವರಿನ ಹನಿ ಮೂಡಿತು.

ಶಾಂತಲಾ ಅಡುಗೆಮನೆಗೆ ಓಡಿ ಬೆಲ್ಲದ ಚೂರು ತಂದು ಅವರ ಬಾಯಿಯ ಹತ್ತಿರ ಹಿಡಿದಳು. "ಬಾಯಿ ಬಿಡಿ ಮಾವ. ನಿಮ್ ಕಾಲಿಗ್ ಬೀಳ್ತೀನಿ, ಇದೊಂದು ತಿನ್ನಿ."

ದೊಡ್ಡಮುನಿಯಪ್ಪ ಬೆಲ್ಲವನ್ನು ಆಸೆಯಿಂದ ನೋಡಿದರು. ಆಮೇಲೆ ಅವಳ ಮುಖವನ್ನು, ಯಾರೋ ಬಡಿಸಲು ಬಂದ ಬೇರೆ ಮನೆಯ ಹೆಣ್ಣುಮಗಳನ್ನು ನೋಡುವಂತೆ ನೋಡಿದರು. ಸಣ್ಣಗೆ ನಕ್ಕು, ಗುಟ್ಟು ಹೇಳುವ ದನಿಯಲ್ಲಿ ಅಂದರು.

"ಬ್ಯಾಡ ಕಣವ್ವ. ಎದುರ್ಗಡೆ ನಮ್ ಸೊಸೆ ಕೂತವ್ಳೆ. ನೋಡ್ತಾವ್ಳೆ."

ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚಿದರು. ಶಾಂತಲಾ ಬೆಲ್ಲ ಹಿಡಿದ ಕೈ ಕೆಳಗಿಳಿಸದೆ ಗೇಟಿನ ಕಡೆ ಕಿವಿಗೊಟ್ಟಳು. ಓಡಿ ಬರುವ ಸದ್ದು ಇನ್ನೂ ಕೇಳಿಸಲಿಲ್ಲ.